ಸೊರಗಿದ ಮಗುವಿನ ಎಲುಬಿಗೆ ಬಿಸಿಲೂ ಬೇಕು, ಆಹಾರವೂ ಬೇಕು



ಮಗು ಹುಟ್ಟಿದ ಮನೆಯಲ್ಲಿ ಸಂತೋಷದೊಡನೆ ಹೊಣೆಯೂ ಹುಟ್ಟುತ್ತದೆ. ಮಗು ಮಗುಚಿಕೊಳ್ಳುವುದು, ಅಂಬೆಗಾಲಿಡುವುದು, ಗೋಡೆ ಹಿಡಿದು ನಿಲ್ಲುವುದು, ಇವೆಲ್ಲವನ್ನೂ ನೀವು ದಿನ ಎಣಿಸಿ ಕಾಯುತ್ತೀರಿ. ನೆರೆಮನೆಯ ಮಗು ವರ್ಷ ತುಂಬುತ್ತಲೇ ಹೆಜ್ಜೆಯಿಟ್ಟು, ನಿಮ್ಮ ಮಗು ಒಂದೂವರೆ ವರ್ಷವಾದರೂ ಕಾಲೂರಲು ಹಿಂಜರಿದರೆ ಕಳವಳವಾಗುವುದು ಸಹಜ. "ನಮ್ಮ ವಂಶದಲ್ಲಿ ಎಲ್ಲರೂ ತಡವಾಗಿಯೇ ನಡೆದವರು" ಎಂದು ಮನೆಯ ಹಿರಿಯರು ಸಮಾಧಾನ ಹೇಳಬಹುದು. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ಮಗು ಸೊರಗಿದ್ದು, ತೂಕ ಕಡಿಮೆಯಿದ್ದು, ಪದೇ ಪದೇ ಕೆಮ್ಮು ಭೇದಿಗಳಿಂದ ನರಳುತ್ತಿದ್ದರೆ ಈ ತಡಕ್ಕೆ ಬೇರೊಂದು ಕಾರಣವಿರುವ ಸಂಭವವುಂಟು. ಅದೇ 'ಡಿ' ಜೀವಸತ್ವದ ಕೊರತೆ. ವೈದ್ಯರು ಇದನ್ನು ವಿಟಮಿನ್ ಡಿ ಎಂದು ಕರೆಯುತ್ತಾರೆ. ಈ ಕೊರತೆಯಿಂದ ಎಳೆಯರ ಎಲುಬು ಮೆದುವಾಗಿ ಬಾಗುವ ರೋಗಕ್ಕೆ ರಿಕೆಟ್ಸ್ ಎಂದು ಹೆಸರು.

ಈ ರೋಗವನ್ನು ತಡೆಯಬಹುದು. ಬೇಗನೆ ಗುರುತಿಸಿದರೆ ಗುಣಪಡಿಸಲೂ ಬಹುದು. ಅದಕ್ಕಾಗಿ ತಂದೆ ತಾಯಿಗಳಿಬ್ಬರೂ ತಿಳಿದಿರಬೇಕಾದ ಸಂಗತಿಗಳನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಎಲುಬು ಬಲಗೊಳ್ಳುವ ಬಗೆ

ಮಗುವಿನ ಎಲುಬನ್ನು ನೀವು ಕಟ್ಟುತ್ತಿರುವ ಮನೆಯ ಗೋಡೆಗೆ ಹೋಲಿಸಬಹುದು. ಗೋಡೆಗೆ ಕಲ್ಲು ಬೇಕು. ಎಲುಬಿಗೆ ಬೇಕಾದ ಕಲ್ಲುಗಳೆಂದರೆ ಆಹಾರದಲ್ಲಿರುವ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಮತ್ತು ರಂಜಕ. ಆದರೆ ಕಲ್ಲಿನ ರಾಶಿ ಅಂಗಳದಲ್ಲಿ ಬಿದ್ದಿದ್ದ ಮಾತ್ರಕ್ಕೆ ಗೋಡೆ ಏಳುವುದಿಲ್ಲ. ಅದನ್ನು ಹೊತ್ತು ಒಳಗೆ ತಂದುಕೊಡುವ ಆಳು ಬೇಕು. 'ಡಿ' ಜೀವಸತ್ವವು ಅಂಥ ಆಳು. ಮಗು ತಿಂದ ಆಹಾರದಲ್ಲಿನ ಸುಣ್ಣದ ಅಂಶವನ್ನು ಕರುಳು ಹೀರಿಕೊಳ್ಳುವಂತೆ ಮಾಡುವುದು ಇದರ ಮುಖ್ಯ ಕೆಲಸ.

ಆಳು ಇಲ್ಲದಿದ್ದರೆ ಕಲ್ಲು ವ್ಯರ್ಥ. ಕಲ್ಲೇ ಇಲ್ಲದಿದ್ದರೆ ಆಳು ಬಂದೂ ಪ್ರಯೋಜನವಿಲ್ಲ. ಸೊರಗಿದ ಮಗುವಿನಲ್ಲಿ ಅನೇಕ ವೇಳೆ ಎರಡರ ಕೊರತೆಯೂ ಕೂಡಿಯೇ ಇರುತ್ತದೆ. ಆದುದರಿಂದಲೇ ಬಿಸಿಲು, ಆಹಾರ ಎರಡನ್ನೂ ಒಟ್ಟಿಗೆ ಹೇಳಬೇಕಾಗಿದೆ.

'ಡಿ' ಜೀವಸತ್ವದ ಬಹುಭಾಗ ಆಹಾರದಿಂದ ಬರುವುದಿಲ್ಲ. ಬಿಸಿಲು ಮೈಮೇಲೆ ನೇರವಾಗಿ ಬಿದ್ದಾಗ ನಮ್ಮ ಚರ್ಮವೇ ಇದನ್ನು ತಯಾರಿಸಿಕೊಳ್ಳುತ್ತದೆ. ನಾವು ನಿತ್ಯ ಉಣ್ಣುವ ಅನ್ನ, ಮುದ್ದೆ, ರೊಟ್ಟಿ, ಬೇಳೆ, ತರಕಾರಿಗಳಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಮೊಟ್ಟೆಯ ಹಳದಿ ಭಾಗ, ಯಕೃತ್ತು, ಬೂತಾಯಿ ಬಂಗುಡೆಗಳಂಥ ಎಣ್ಣೆಯಂಶವುಳ್ಳ ಮೀನು, ಇವುಗಳಲ್ಲಿ ಮಾತ್ರ ಸ್ವಲ್ಪಮಟ್ಟಿಗೆ ದೊರೆಯುತ್ತದೆ.

ಬಿಸಿಲಿನ ನಾಡಿನಲ್ಲಿ ಈ ಕೊರತೆ ಏಕೆ?

"ನಮ್ಮೂರಿನಲ್ಲಿ ಬಿಸಿಲಿಗೆ ಬರವೇ?" ಎಂದು ನೀವು ಕೇಳಬಹುದು. ಈ ಪ್ರಶ್ನೆ ಹೊಸದಲ್ಲ. 1922ರಲ್ಲಿ ಹಚಿಸನ್ ಮತ್ತು ಶಾ ಎಂಬ ವೈದ್ಯರು ಅಂದಿನ ಮುಂಬಯಿ ಪ್ರಾಂತದ ನಾಸಿಕದಲ್ಲಿ ತಾವು ಕಂಡ ಸಂಗತಿಯನ್ನು ಪ್ರಕಟಿಸಿದರು. ಪರದೆಯ ಪದ್ಧತಿಯಿದ್ದ ಅನುಕೂಲಸ್ಥರ ಮನೆಗಳಲ್ಲಿ, ಒಳ್ಳೆಯ ಊಟವಿದ್ದೂ ಹೊರಗೆ ಬಾರದೆ ಬೆಳೆದ ಮಕ್ಕಳಲ್ಲಿ ಈ ರೋಗ ಕಂಡುಬಂದಿತು. ಬಡತನದ ಊಟವುಂಡರೂ ಬಯಲಿನಲ್ಲಿ ಬೆಳೆದ ಮಕ್ಕಳಲ್ಲಿ ಅದು ಕಾಣಲಿಲ್ಲ. ಅದೇ ಕಾಲದಲ್ಲಿ, 1919ರಿಂದ 1922ರವರೆಗೆ, ಮೊದಲನೆಯ ಮಹಾಯುದ್ಧದ ನಂತರ ಆಹಾರವಿಲ್ಲದೆ ಬಳಲಿದ್ದ ಯುರೋಪಿನ ವಿಯೆನ್ನಾ ನಗರದಲ್ಲಿ ಹ್ಯಾರಿಯೆಟ್ ಚಿಕ್ ಎಂಬ ಮಹಿಳಾ ವಿಜ್ಞಾನಿ ಮತ್ತು ಅವರ ಸಂಗಡಿಗರು ಆಸ್ಪತ್ರೆಯ ಮಕ್ಕಳನ್ನು ನೋಡಿಕೊಂಡರು. ಕಾಡ್ ಮೀನಿನ ಎಣ್ಣೆಯಿಂದಲೂ ಬಿಸಿಲಿನಿಂದಲೂ ಈ ರೋಗ ವಾಸಿಯಾಗುತ್ತದೆಂದು ಅವರು ತೋರಿಸಿಕೊಟ್ಟರು.

ಊರಿನ ಮೇಲೆ ಬಿಸಿಲು ಬಿದ್ದರೆ ಸಾಲದು, ಮಗುವಿನ ಮೈಮೇಲೆ ಬೀಳಬೇಕು ಎಂಬುದು ಇದರಿಂದ ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ನಡೆಯುವುದನ್ನು ಒಮ್ಮೆ ಯೋಚಿಸಿ. ಬಾಣಂತಿ ಮತ್ತು ಕೂಸನ್ನು ಕಿಟಕಿ ಮುಚ್ಚಿದ ಕತ್ತಲೆ ಕೋಣೆಯಲ್ಲಿ ತಿಂಗಳುಗಟ್ಟಲೆ ಇರಿಸುವುದುಂಟು. ದೃಷ್ಟಿ ತಾಗೀತೆಂದು, ಮೈಬಣ್ಣ ಕಪ್ಪಾದೀತೆಂದು ಮಗುವನ್ನು ಹೊರಗೆ ತಾರದಿರುವುದುಂಟು. ತಾಯಿ ಕೂಲಿಗೆ ಹೋದಾಗ ಮಗು ಒಳಮನೆಯ ತೊಟ್ಟಿಲಲ್ಲಿ ದಿನವಿಡೀ ಮಲಗಿರುವುದುಂಟು. ಮಲೆನಾಡಿನಲ್ಲಿ ಮಳೆಗಾಲದ ಮೋಡಗಳು ತಿಂಗಳುಗಟ್ಟಲೆ ಬಿಸಿಲನ್ನು ಮರೆಮಾಡುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಮಗು ಕಾಯಿಲೆ ಬಿದ್ದು ಸೊರಗಿದಷ್ಟೂ ಅದನ್ನು ಹೊದಿಸಿ ಒಳಗೇ ಇಡುತ್ತೇವೆ. ಬೆಳಕು ಅತಿ ಹೆಚ್ಚು ಬೇಕಾದ ಮಗುವಿಗೇ ಬೆಳಕು ಅತಿ ಕಡಿಮೆ ದೊರೆಯುತ್ತದೆ.

2016ರಿಂದ 2018ರವರೆಗೆ ನಮ್ಮ ದೇಶದಲ್ಲಿ ನಡೆದ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ನೂರಕ್ಕೆ 14 ಮಂದಿಗೆ 'ಡಿ' ಜೀವಸತ್ವದ ಕೊರತೆಯಿರುವುದು ಕಂಡುಬಂದಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆದುದರಿಂದ ಇದು ಯಾರದೋ ಮನೆಯ ಮಾತೆಂದು ತಿಳಿಯಬೇಡಿ.

ಸೊರಗಿದ ಮಗುವಿನಲ್ಲಿ ರೋಗ ಅಡಗಿರುತ್ತದೆ

ಇದು ಈ ಪಾಠದಲ್ಲಿ ನೀವು ವಿಶೇಷವಾಗಿ ಗಮನಿಸಬೇಕಾದ ವಿಷಯ. ರಿಕೆಟ್ಸ್ ಬೆಳೆಯುತ್ತಿರುವ ಎಲುಬಿನ ರೋಗ. ತೀವ್ರವಾಗಿ ಸೊರಗಿದ ಮಗುವಿನ ಎಲುಬು ಬೆಳೆಯುವುದೇ ಇಲ್ಲ, ಅಥವಾ ಬಹಳ ನಿಧಾನವಾಗಿ ಬೆಳೆಯುತ್ತದೆ. ಬೆಳವಣಿಗೆ ನಿಂತಿರುವಾಗ ರೋಗದ ಗುರುತುಗಳು ಹೊರಗೆ ಕಾಣುವುದಿಲ್ಲ. ಕೊರತೆಯು ಮಾತ್ರ ಒಳಗೆ ಇದ್ದೇ ಇರುತ್ತದೆ.

ಇಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ವರ್ಷ ತುಂಬಿದ ಮಗು ಭೇದಿಯಿಂದ ಬಳಲಿ ಬಡಕಲಾಗಿದೆ. ಅಂಗನವಾಡಿ ಕಾರ್ಯಕರ್ತೆಯ ಸಲಹೆಯಂತೆ ತಂದೆ ತಾಯಿಗಳು ಅದನ್ನು ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸುತ್ತಾರೆ. ಮಗು ಚೇತರಿಸಿಕೊಂಡು ಮನೆಗೆ ಬರುತ್ತದೆ, ಮೈ ತುಂಬಿಕೊಳ್ಳುತ್ತದೆ. ತಾಯಿಗೆ ಹಿಡಿಸಲಾರದ ಸಂತೋಷ. ಆದರೆ ಕೆಲವು ತಿಂಗಳಲ್ಲಿ ಮಗುವಿನ ಮಣಿಕಟ್ಟು ದಪ್ಪಗಾಗುತ್ತದೆ, ನಿಂತಾಗ ಕಾಲು ಬಾಗುತ್ತದೆ. "ಆ ಊಟ ಒಗ್ಗಲಿಲ್ಲ, ಆ ಔಷಧದಿಂದಲೇ ಹೀಗಾಯಿತು" ಎಂದು ಅಜ್ಜಿ ಹೇಳುತ್ತಾರೆ. ಅವರ ಮಾತನ್ನು ನಂಬಿ ಔಷಧೋಪಚಾರವನ್ನೂ ಊಟವನ್ನೂ ನಿಲ್ಲಿಸಿಬಿಟ್ಟರೆ ಮಗುವಿಗೆ ದೊಡ್ಡ ಹಾನಿಯಾಗುತ್ತದೆ.

ನಡೆದಿರುವ ಸಂಗತಿ ಬೇರೆ. ಊಟ ಸಿಕ್ಕಿದೊಡನೆ ಎಲುಬು ಬೆಳೆಯತೊಡಗಿದೆ. ಬೆಳೆಯುವ ಎಲುಬಿಗೆ ಸಾಕಷ್ಟು ಸುಣ್ಣದ ಅಂಶವಾಗಲಿ 'ಡಿ' ಜೀವಸತ್ವವಾಗಲಿ ಒದಗಿಲ್ಲ. ಅಡಗಿದ್ದ ಕೊರತೆ ಬೆಳವಣಿಗೆಯೊಡನೆ ಹೊರಬಿದ್ದಿದೆ. ಆಗ ಮಾಡಬೇಕಾದುದು ಊಟ ನಿಲ್ಲಿಸುವುದಲ್ಲ, ಮಗುವನ್ನು ಮತ್ತೆ ವೈದ್ಯರಿಗೆ ತೋರಿಸುವುದು. ತೂಕ ಏರಿತೆಂದು ನಿಶ್ಚಿಂತರಾಗದೆ, ಚೇತರಿಸಿಕೊಂಡ ಮಗುವನ್ನು ಹೇಳಿದ ದಿನಗಳಂದು ತಪ್ಪದೆ ಪರೀಕ್ಷೆಗೆ ಕರೆದೊಯ್ಯಿರಿ.

ಗುರುತಿಸುವ ಬಗೆ

ಈ ರೋಗ ಹೆಚ್ಚಾಗಿ 6 ತಿಂಗಳಿನಿಂದ 2 ವರ್ಷದೊಳಗಿನ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಮಗುವಿಗೆ ಎಣ್ಣೆಯೊತ್ತಿ ನೀರು ಹಾಕುವ ಹೊತ್ತಿನಲ್ಲಿ ಈ ಗುರುತುಗಳನ್ನು ನೋಡಿರಿ:

1. ಒಂದೂವರೆ ವರ್ಷವಾದರೂ ನೆತ್ತಿಯ ಮೆದುಭಾಗ ಕೂಡಿಕೊಳ್ಳದಿರುವುದು. ಹಣೆ ಮುಂದಕ್ಕೆ ಉಬ್ಬಿ ಕಾಣುವುದು.
2. ಹಲ್ಲು ಬಹಳ ತಡವಾಗಿ ಬರುವುದು.
3. ಮಣಿಕಟ್ಟು ಮತ್ತು ಕಾಲಿನ ಹರಡುಗಳು ದಪ್ಪಗಾಗಿರುವುದು.
4. ಎದೆಯ ಎರಡು ಪಕ್ಕಗಳಲ್ಲಿ, ಪಕ್ಕೆಲುಬುಗಳ ತುದಿಯಲ್ಲಿ, ಮಣಿಸರ ಪೋಣಿಸಿದಂತೆ ಗಂಟುಗಳು ಕೈಗೆ ಸಿಗುವುದು.
5. ಕುಳಿತುಕೊಳ್ಳುವುದು, ನಿಲ್ಲುವುದು, ನಡೆಯುವುದು ತಡವಾಗುವುದು, ಮೈ ಜೋಲುಬೀಳುವುದು.
6. ನಡೆಯುವ ಮಗುವಿನ ಕಾಲು ಬಿಲ್ಲಿನಂತೆ ಹೊರಬಾಗುವುದು, ಅಥವಾ ಮಂಡಿಗಳು ಒಂದಕ್ಕೊಂದು ತಾಗುವುದು.

ಎರಡು ವರ್ಷದವರೆಗೆ ಮಕ್ಕಳ ಕಾಲು ಅಲ್ಪಸ್ವಲ್ಪ ಬಾಗಿರುವುದು ಸಹಜವೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವ ಊರುಗಳಲ್ಲಿ ಬೇರೆ ಕಾರಣದಿಂದಲೂ ಮಂಡಿ ವಕ್ರವಾಗಬಹುದು. ಆದುದರಿಂದ ನೀವೇ ನಿರ್ಧಾರಕ್ಕೆ ಬರಬೇಡಿ, ಭಯವನ್ನೂ ಪಡಬೇಡಿ. ಸಂಶಯ ಬಂದೊಡನೆ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಕ್ಷ-ಕಿರಣ ಮತ್ತು ರಕ್ತದ ಪರೀಕ್ಷೆಗಳಿಂದ ವೈದ್ಯರು ರೋಗವನ್ನು ಖಚಿತಪಡಿಸಿಕೊಳ್ಳುತ್ತಾರೆ.

ಅಲಕ್ಷಿಸಿದರೆ ಆಗುವ ಹಾನಿ

ಎದೆಗೂಡಿನ ಎಲುಬು ಮೆದುವಾದರೆ ಮಗು ಬಲವಾಗಿ ಉಸಿರೆಳೆಯಲಾರದು, ಕೆಮ್ಮಿ ಕಫ ಹೊರಹಾಕಲಾರದು. ಇಂಥ ಮಕ್ಕಳು ನ್ಯುಮೋನಿಯಾಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ರಕ್ತದಲ್ಲಿ ಸುಣ್ಣದ ಅಂಶ ತೀರ ಇಳಿದರೆ ಜ್ವರವಿಲ್ಲದೆಯೂ ಸೆಳವು ಬರುತ್ತದೆ. ಅದನ್ನು ಬಾಲಗ್ರಹವೆಂದು ತಿಳಿದು ತಡಮಾಡಿದರೆ ಪ್ರಾಣಕ್ಕೇ ಅಪಾಯ. ಸೆಳವು ಬಂದ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. 108ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ.

ಹೆಣ್ಣುಮಗುವಿನ ವಿಷಯದಲ್ಲಿ ಇನ್ನೊಂದು ಮಾತುಂಟು. ಈ ರೋಗದಿಂದ ಸೊಂಟದ ಎಲುಬು ವಿಕಾರಗೊಂಡು ಹೆರಿಗೆಯ ದಾರಿ ಇಕ್ಕಟ್ಟಾಗಬಹುದು. ಇಂದು ತೊಟ್ಟಿಲಲ್ಲಿರುವ ಮಗಳು ಮುಂದೆ ತಾಯಿಯಾಗುವಾಗ ಅದು ಅವಳಿಗೂ ಅವಳ ಕೂಸಿಗೂ ಗಂಡಾಂತರವಾದೀತು. ಆದುದರಿಂದ ಹಾಲು, ಮೊಟ್ಟೆ, ಔಷಧಗಳಲ್ಲಿ ಗಂಡು ಹೆಣ್ಣೆಂಬ ಭೇದ ಸಲ್ಲದು.

ನೀವು ಮಾಡಬೇಕಾದುದೇನು?

ಗರ್ಭಿಣಿಯ ಆರೈಕೆ: ಕೂಸು ಹುಟ್ಟುವಾಗ ತನ್ನೊಡನೆ ತರುವ 'ಡಿ' ಜೀವಸತ್ವವೆಲ್ಲ ತಾಯಿಯಿಂದ ಪಡೆದದ್ದು. ತಾಯಿಯಲ್ಲೇ ಇಲ್ಲದಿದ್ದರೆ ಕೂಸಿಗೆ ಎಲ್ಲಿಂದ ಬಂದೀತು? ನಾಲ್ಕನೆಯ ತಿಂಗಳಿನಿಂದ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ಕ್ಯಾಲ್ಸಿಯಂ ಮಾತ್ರೆಗಳನ್ನು ಕೊಡುತ್ತಾರೆ. ಒಂದೊಂದು ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 250 ಯೂನಿಟ್ 'ಡಿ' ಜೀವಸತ್ವವಿರುತ್ತದೆ. ದಿನಕ್ಕೆ ಎರಡರಂತೆ, ಊಟದೊಡನೆ, ಹೆರಿಗೆಯಾಗಿ 6 ತಿಂಗಳವರೆಗೂ ಇವನ್ನು ಸೇವಿಸಬೇಕು. ಕಬ್ಬಿಣದ ಮಾತ್ರೆಯನ್ನು ಇದರೊಡನೆ ನುಂಗದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಿ.

ಎದೆಹಾಲು ಮತ್ತು ಹನಿ ಔಷಧ: ಮೊದಲ 6 ತಿಂಗಳು ತಾಯಿಯ ಹಾಲಿಗೆ ಸಮನಾದ ಆಹಾರ ಬೇರೊಂದಿಲ್ಲ. ಆದರೆ ಅದರಲ್ಲಿ 'ಡಿ' ಜೀವಸತ್ವ ಮಾತ್ರ ಕಡಿಮೆ. ಇದಕ್ಕಾಗಿ ಎದೆಹಾಲು ಬಿಡಿಸಬೇಕಾಗಿಲ್ಲ. ಮೊದಲ ವರ್ಷದಲ್ಲಿ ದಿನಕ್ಕೆ 400 ಯೂನಿಟ್ 'ಡಿ' ಜೀವಸತ್ವವನ್ನು ಹನಿ ಔಷಧವಾಗಿ ಕೊಡಬೇಕೆಂದು ಮಕ್ಕಳ ವೈದ್ಯರು ಸಲಹೆ ಮಾಡುತ್ತಾರೆ. ದಿನ ತುಂಬದೆ, ತೂಕ ಕಡಿಮೆಯಾಗಿ ಹುಟ್ಟಿದ ಕೂಸುಗಳಿಗೆ ಇದು ಇನ್ನೂ ಅಗತ್ಯ. ಒಂದೊಂದು ಸೀಸೆಯ ಔಷಧದ ಬಲ ಒಂದೊಂದು ಬಗೆಯಾಗಿರುವುದರಿಂದ ಎಷ್ಟು ಹಾಕಬೇಕೆಂಬುದನ್ನು ವೈದ್ಯರಿಂದಲೋ ಆರೋಗ್ಯ ಸಹಾಯಕಿಯಿಂದಲೋ ಕೇಳಿ ತಿಳಿದುಕೊಳ್ಳಿ.

ಬಿಸಿಲು: ಮುಂಜಾನೆಯ ಎಳೆಬಿಸಿಲು ಮೈಗೆ ಹಿತ. ಆದರೆ 'ಡಿ' ಜೀವಸತ್ವವನ್ನು ಉಂಟುಮಾಡುವ ಕಿರಣಗಳು ಅದರಲ್ಲಿ ಅತ್ಯಲ್ಪ. ಸುಲಭವಾದ ಅಳತೆಯೊಂದಿದೆ: ಬಿಸಿಲಿನಲ್ಲಿ ನಿಂತಾಗ ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಪ್ರಯೋಜನಕಾರಿ. ಬೆಳಿಗ್ಗೆ ಸುಮಾರು 10 ಗಂಟೆಯ ವೇಳೆಗೆ ಕೈಕಾಲು ಬೆನ್ನುಗಳಿಗೆ ಬಿಸಿಲು ತಾಗುವಂತೆ, ತಲೆ ಕಣ್ಣುಗಳಿಗೆ ನೆರಳು ಮಾಡಿ, 10–15 ನಿಮಿಷ ಮಗುವನ್ನು ಅಂಗಳದಲ್ಲೋ ಜಗಲಿಯಲ್ಲೋ ಆಡಿಸಿ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಿಂದ ಈ ಪ್ರಯೋಜನವಿಲ್ಲ. ಬೇಸಿಗೆಯ ಉರಿಬಿಸಿಲಿಗೆ ಒಡ್ಡಬೇಡಿ. ಮಗುವಿನ ಚರ್ಮ ಕೆಂಪಾಗುವಷ್ಟು, ಮೈ ಕಾಯುವಷ್ಟು ಹೊತ್ತು ಇರಿಸಬೇಡಿ. ತೀರ ಎಳೆಯ ಕೂಸಿಗೆ ಬಿಸಿಲಿಗಿಂತ ಹನಿ ಔಷಧವೇ ಹೆಚ್ಚು ನಂಬಿಕೆಗೆ ಯೋಗ್ಯ.

ಆಹಾರ: 6 ತಿಂಗಳು ತುಂಬಿದೊಡನೆ ಎದೆಹಾಲಿನ ಜೊತೆಗೆ ಮೆದುವಾದ ಆಹಾರವನ್ನು ಆರಂಭಿಸಿ. ಈ ವಿಷಯದಲ್ಲಿ ರಾಗಿ ನಮ್ಮ ನಾಡಿನ ಭಾಗ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ. ಅಕ್ಕಿಯಲ್ಲಂತೂ ಲೆಕ್ಕಕ್ಕೆ ಬಾರದಷ್ಟು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹುರಿದು ಬೀಸಿದ ಹಿಟ್ಟಿನ ಸರಿ ಮಗುವಿಗೆ ಉತ್ತಮ. ಮೊಳಕೆ ಕಟ್ಟುವುದರಿಂದ ಸುಣ್ಣದ ಅಂಶ ಮೈಗೆ ಹತ್ತುವುದು ಸುಲಭವಾಗುತ್ತದೆ. ಅಕ್ಕಿ, ಜೋಳಗಳೇ ಮುಖ್ಯ ಆಹಾರವಾಗಿರುವ ಕಡೆಗಳಲ್ಲೂ ಮಗುವಿಗೆಂದು ಸ್ವಲ್ಪ ರಾಗಿಯನ್ನು ತಂದಿಟ್ಟುಕೊಳ್ಳಬಹುದು. ನುಗ್ಗೆಸೊಪ್ಪು, ಎಳ್ಳು, ಹುರುಳಿ, ಮೊಸರುಗಳೂ ಒಳ್ಳೆಯವು. ತಿನ್ನುವ ಪದ್ಧತಿಯಿದ್ದವರು ಮೊಟ್ಟೆ, ಮೀನುಗಳನ್ನು ಕೊಡಬಹುದು. ಹಾಲು ಮತ್ತು ಅಡುಗೆ ಎಣ್ಣೆಯ ಪೊಟ್ಟಣದ ಮೇಲೆ '+ಎಫ್' ಎಂಬ ಗುರುತಿದ್ದರೆ ಅದಕ್ಕೆ ಜೀವಸತ್ವಗಳನ್ನು ಸೇರಿಸಲಾಗಿದೆ ಎಂದರ್ಥ. ಅಂಗನವಾಡಿಯಿಂದ ಮಗುವಿಗೆಂದು ದೊರೆಯುವ ಆಹಾರ ಮಗುವಿನ ಹೊಟ್ಟೆಗೇ ಸೇರಲಿ.

ತೂಕ ಮತ್ತು ಅಳತೆ: ಪ್ರತಿ ತಿಂಗಳೂ ಅಂಗನವಾಡಿಯಲ್ಲಿ ಮಗುವಿನ ತೂಕ ನೋಡಿಸಿ. 6 ತಿಂಗಳಿನಿಂದ 5 ವರ್ಷದೊಳಗಿನ ಮಗುವಿನ ತೋಳಿನ ನಡುಭಾಗದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಚಿಕಿತ್ಸೆ: ರೋಗ ಖಚಿತವಾದರೆ ವೈದ್ಯರು ಸಾಮಾನ್ಯವಾಗಿ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ 'ಡಿ' ಜೀವಸತ್ವವನ್ನೂ ಅದರೊಡನೆ ಕ್ಯಾಲ್ಸಿಯಂ ಅನ್ನೂ ಕೊಡುತ್ತಾರೆ. ಮಗು ಗೆಲುವಾಯಿತೆಂದು ನಡುವೆ ನಿಲ್ಲಿಸಬಾರದು. ಎಳೆಯ ವಯಸ್ಸಿನಲ್ಲಿ ಚಿಕಿತ್ಸೆ ದೊರೆತರೆ ಬಾಗಿದ ಕಾಲು ಬೆಳೆಯುತ್ತ ಬಹುಮಟ್ಟಿಗೆ ನೇರವಾಗುತ್ತದೆ. ಮೂರು ತಿಂಗಳಾದರೂ ಗುಣ ಕಾಣದಿದ್ದರೆ ಮೂತ್ರಪಿಂಡದ ದೋಷದಂಥ ಬೇರೆ ಕಾರಣಗಳಿರಬಹುದು. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು.

ಹೆರಿಗೆಗಳ ನಡುವೆ ಅಂತರ: ಒಂದು ಕೂಸು ಎದೆಯಲ್ಲಿರುವಾಗಲೇ ಇನ್ನೊಂದು ಹೊಟ್ಟೆಯಲ್ಲಿದ್ದರೆ ತಾಯಿಯ ಮೈಯ ಸಾರ ತುಂಬಿಕೊಳ್ಳಲು ಅವಕಾಶವಿಲ್ಲ. ಎದೆಯ ಕೂಸಿಗೂ ಹಾಲು, ಆರೈಕೆ ಎರಡೂ ಕಡಿಮೆಯಾಗುತ್ತವೆ. ಎರಡು ಹೆರಿಗೆಗಳ ನಡುವೆ 3 ವರ್ಷಗಳಾದರೂ ಅಂತರವಿರಲಿ. ಕಾಪರ್-ಟಿ, ನಿರೋಧ್, ಮಾತ್ರೆ ಮುಂತಾದ ತಾತ್ಕಾಲಿಕ ವಿಧಾನಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಗಂಡ ಹೆಂಡಿರು ಕೂಡಿ ಮಾತನಾಡಿ, ನಿಮಗೆ ಹೊಂದುವುದನ್ನು ಆರಿಸಿಕೊಳ್ಳಿ.

ತಪ್ಪು ತಿಳಿವಳಿಕೆಗಳನ್ನು ಬಿಡಿ

ಸೂರ್ಯಗ್ರಹಣದ ವೇಳೆ ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದರೆ ಗುಣವಾಗುತ್ತದೆಂಬ ನಂಬಿಕೆ ಕೆಲವೆಡೆ ಇದೆ. 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಜಿಲ್ಲೆಯಲ್ಲಿ ಹೀಗೆ ಮಾಡಿದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ಹೆತ್ತವರ ಸಂಕಟ ಅರ್ಥವಾಗುವಂಥದೇ. ಆದರೆ ಮಣ್ಣಿನೊಳಗೆ ಅಳುತ್ತ ನಿಂತ ಮಗುವಿಗೆ ಅದರಿಂದ ಹಿಂಸೆಯಲ್ಲದೆ ಬೇರೇನೂ ದೊರೆಯದು. ಎಲುಬಿಗೆ ಬೇಕಾದುದು ದಿನದಿನದ ಬಿಸಿಲು, ಗ್ರಹಣದ ಕತ್ತಲೆಯಲ್ಲ.

ಬಾಗಿದ ಕಾಲಿಗೆ ಬಿದಿರ ದಬ್ಬೆ ಬಿಗಿಯುವುದು, ಬಲವಾಗಿ ನೀವಿ ನೇರಮಾಡುವುದು ಅಪಾಯಕರ; ಮೆದುವಾದ ಎಲುಬು ಮುರಿಯಬಹುದು. ಹಾಗೆಯೇ ತರಬೇತಿಯಿಲ್ಲದವರಿಂದ ಶಕ್ತಿಯ ಸೂಜಿಯೆಂದು ಪದೇ ಪದೇ ಚುಚ್ಚಿಸಬೇಡಿ. 'ಡಿ' ಜೀವಸತ್ವ ಮಿತಿಮೀರಿದರೂ ವಿಷವೇ. ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆಗಳುಂಟಾಗಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು.

ನೆನಪಿಡಿ

ಸೊರಗಿದ ಮಗುವನ್ನು ಕತ್ತಲೆಯಲ್ಲಿಡಬೇಡಿ.
ಬಿಸಿಲು ಆಹಾರಕ್ಕೆ ಬದಲಲ್ಲ, ಆಹಾರ ಬಿಸಿಲಿಗೆ ಬದಲಲ್ಲ, ಎರಡೂ ಬೇಕು.
ಮಗು ಮೈ ತುಂಬಿಕೊಳ್ಳುವ ಕಾಲದಲ್ಲೇ ಅದರ ಎಲುಬಿನ ಮೇಲೆ ಕಣ್ಣಿಡಿ.
ಹನಿ ಔಷಧ, ಮಾತ್ರೆ, ಸೂಜಿ ಯಾವುದನ್ನೂ ವೈದ್ಯರ ಸಲಹೆಯಿಲ್ಲದೆ ಕೊಡಬೇಡಿ.

ಮನೆಯಲ್ಲಿ ಚರ್ಚಿಸಿ

1. ನಮ್ಮ ಮಗು ನಿನ್ನೆ ಎಷ್ಟು ಹೊತ್ತು ಮನೆಯ ಹೊರಗಿತ್ತು? ತಾಯಿ ಕೆಲಸಕ್ಕೆ ಹೋದಾಗ ಅದನ್ನು ಅಂಗಳಕ್ಕೆ ತರುವವರು ಯಾರು?
2. ನಿನ್ನೆ ಮಗು ಉಂಡ ಆಹಾರದಲ್ಲಿ ಸುಣ್ಣದ ಅಂಶವುಳ್ಳ ಪದಾರ್ಥಗಳು ಯಾವುವು?
3. ಮಗುವಿನ ತೂಕವನ್ನು ಕೊನೆಯ ಬಾರಿ ನೋಡಿಸಿದ್ದು ಯಾವಾಗ? ಆಗ ತಂದೆಯೂ ಜೊತೆಗಿದ್ದರೇ?

ಈ ಮೂರು ಪ್ರಶ್ನೆಗಳಿಗೆ ಗಂಡ ಹೆಂಡಿರಿಬ್ಬರೂ ಕುಳಿತು ಉತ್ತರ ಕಂಡುಕೊಳ್ಳಿ. ಕೊರತೆಯೇನಾದರೂ ಕಂಡರೆ ನಾಳೆಯೇ ಅದನ್ನು ಸರಿಪಡಿಸಲು ತೊಡಗಿರಿ. ತೊಟ್ಟಿಲನ್ನು ಒಳಮನೆಯಿಂದ ಬೆಳಕಿನೆಡೆಗೆ ತರಲು ಹಣ ಬೇಕಾಗಿಲ್ಲ, ಮನಸ್ಸು ಸಾಕು. ಗಟ್ಟಿಯಾದ ಕಾಲ ಮೇಲೆ ನಿಂತ ಮಗುವೇ ನಿಮ್ಮ ಮನೆಯ ನಿಜವಾದ ಸಂಪತ್ತು.